ತಪ್ಪಿದ ಎಚ್ಚರಿಕೆಯ ಪರವಾಗಿ

1944ನೆಯ ಇಸವಿಯ ಜೂನ್ 6ರ ನಡುರಾತ್ರಿಯಲ್ಲಿ ಫ್ರಾನ್ಸಿನ ನಾರ್ಮಂಡಿಯ ನೆಲಕ್ಕೆ ಛತ್ರಿ ಸೈನಿಕರು ಧುಮುಕಿದ ಕಥೆಯನ್ನು ಹೇಳುವವರಲ್ಲಿ ಬಹುಮಂದಿ, ಆ ಸಾಹಸದ ಅಮೆರಿಕನ್ ಭಾಗವನ್ನು ಬೇಡವೆಂದ ಬ್ರಿಟಿಷ್ ವಾಯುಸೇನಾನಿ ಲೀ-ಮ್ಯಾಲರಿಯನ್ನು ಅಳುಕಿನ ಮನುಷ್ಯನೆಂದು ಒಂದೇ ವಾಕ್ಯದಲ್ಲಿ ಬದಿಗೊತ್ತಿ ಮುಂದೆ ಸಾಗುವರು. ಇದು ನನಗೆ ನ್ಯಾಯವೆಂದು ತೋರುವುದಿಲ್ಲ.

ಆತನ ಆಕ್ಷೇಪವು ನಿರಾಧಾರವಾಗಿದ್ದಿತೇ? ‘ಯೂಟಾ’ ಎಂಬ ಗುಪ್ತನಾಮದ ಕಡಲತೀರದ ಹಿಂದಿನ ತಗ್ಗುಭೂಮಿಗೆ ಜರ್ಮನರು ನೀರು ನುಗ್ಗಿಸಿ ಜೌಗು ಮಾಡಿದ್ದರು. ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನ ಮೇಲೆ ಆಕ್ರಮಣಕ್ಕೆಂದು ಕಡಲಿನಿಂದ ತೀರಕ್ಕಿಳಿಯಲಿದ್ದ ಮಿತ್ರರಾಷ್ಟ್ರಗಳ ಸೇನೆಯು ಒಳನಾಡನ್ನು ಸೇರಲು ಆ ನೀರಿನ ನಡುವೆ ಉಳಿದಿದ್ದುದು ಕೆಲವೇ ಏರುದಾರಿಗಳು. ಅವುಗಳ ಆಚೆಯ ಕೊನೆಯನ್ನು ಬೆಳಗಾಗುವ ಮುನ್ನವೇ ಹಿಡಿಯಲೆಂದು 82 ಮತ್ತು 101ನೆಯ ಅಮೆರಿಕನ್ ಡಿವಿಷನ್‌ಗಳ ಸುಮಾರು 13,000 ಮಂದಿಯನ್ನು ಶತ್ರುವಿನ ಬೆನ್ನಹಿಂದೆ ಇಳಿಸಬೇಕಾಗಿದ್ದಿತು. ಆದರೆ ಅವರನ್ನು ಹೊತ್ತೊಯ್ಯುವ ಡಕೋಟಾ ವಿಮಾನಗಳು ನಿಧಾನಗತಿಯವು, ನಿರಾಯುಧವಾದವು. ಬೆಳುದಿಂಗಳಲ್ಲಿ ಫಿರಂಗಿಗಳ ತಲೆಯ ಮೇಲೆಯೇ ಹಾರಬೇಕಾದವು. ಛತ್ರಿ ಸೈನಿಕರಲ್ಲಿ ಅರ್ಧದಷ್ಟು ಮಂದಿಯೂ ಗ್ಲೈಡರುಗಳಲ್ಲಿ ನೂರಕ್ಕೆ 70ರಷ್ಟೂ ನಷ್ಟವಾದಾವೆಂದು ಆತನು ಸರ್ವೋಚ್ಚ ಸೇನಾಪತಿ ಐಸೆನ್‌ಹೋವರನಿಗೆ ನೇರವಾಗಿ ತಿಳಿಸಿದನು. ಐಸೆನ್‌ಹೋವರನು ಒಬ್ಬನೇ ಕುಳಿತು ಆಲೋಚಿಸಿದನು: ಈ ಇಳಿತವನ್ನು ಕೈಬಿಟ್ಟರೆ ಯೂಟಾವನ್ನು ಬಿಡಬೇಕು, ಯೂಟಾವನ್ನು ಬಿಟ್ಟರೆ ಇಡೀ ಆಕ್ರಮಣವೇ ಸಡಿಲವಾದೀತು. ಹೊರಡಲಿ ಎಂದು ಅಪ್ಪಣೆಯಾಯಿತು.

ಆ ರಾತ್ರಿ ನಡೆದುದೇನು? ಕರಾವಳಿ ದಾಟುತ್ತಲೇ ಮೋಡ ಮುತ್ತಿತು. ಕೆಳಗಿನಿಂದ ಗುಂಡಿನ ಮಳೆ ಕರೆಯಿತು. ವಿಮಾನಗಳ ಸಾಲು ಚೆದುರಿ, ಸೈನಿಕರು ಗೊತ್ತಾದ ಬಯಲುಗಳಿಂದ ಮೈಲಿಗಟ್ಟಲೆ ದೂರದಲ್ಲಿ ಬಿದ್ದರು. ಮೆರ್ಡೆರೆ ನದಿಯ ನೆರೆನೀರಿನಲ್ಲಿ ಬಿದ್ದವರು ಕೆಲವರು ಮೈಮೇಲಿನ ಹೊರೆಯ ಭಾರಕ್ಕೆ ಮೇಲೇಳಲಾರದೆ ಮುಳುಗಿದರು. (ಸೇಂಟ್-ಮೇರ್-ಎಗ್ಲೀಸಿನ ಚರ್ಚಿನ ಗೋಪುರಕ್ಕೆ ಪ್ಯಾರಾಚೂಟ್ ಸಿಕ್ಕಿ ನೇತಾಡಿದವನ ಜ್ಞಾಪಕಾರ್ಥವಾಗಿ ಅಲ್ಲೊಂದು ಬೊಂಬೆಯನ್ನು ತೂಗುಹಾಕಿರುವರು, ಮುಳುಗಿದವರಿಗೆ ಅಂತಹ ಖ್ಯಾತಿ ದೊರಕಲಿಲ್ಲ.) ಲೀ-ಮ್ಯಾಲರಿಯು ಅಂಜಿದ ಬಗೆಯ ವಿಪತ್ತೇ ಇದು, ತಪ್ಪಿದುದು ಲೆಕ್ಕ ಮಾತ್ರ. 800ಕ್ಕೂ ಮಿಕ್ಕಿದ ವಿಮಾನಗಳಲ್ಲಿ ನಷ್ಟವಾದುವು 20ಕ್ಕೆ ಸ್ವಲ್ಪ ಮೇಲ್ಪಟ್ಟು. ಇನ್ನು ಆತನ ಗಣಿತಕ್ಕೆ ನಿಲುಕದೆ ಹೋದದ್ದು ಸೈನಿಕರ ಸ್ವಭಾವ. ತಮ್ಮ ದಳ ಯಾವುದು, ನಾಯಕನಾರು ಎಂದು ನೋಡದೆ, ಬೇಲಿಸಾಲಿನ ಮರೆಯಲ್ಲಿ ತಗಡಿನ ಆಟಿಕೆಯನ್ನು ಟಿಕ್ ಟಿಕ್ ಎನಿಸಿ ಒಬ್ಬರನ್ನೊಬ್ಬರು ಗುರುತಿಸಿಕೊಂಡು, ಐದು ಹತ್ತು ಮಂದಿ ಸೇರಿದಲ್ಲಿ ಎದುರಿಗೆ ಕಂಡ ಕೆಲಸಕ್ಕೆ ತೊಡಗಿದರು. ಎಲ್ಲೆಲ್ಲಿಯೂ ಇದ್ದ ಈ ಸೇನೆಯ ಮುಖ್ಯಭಾಗ ಎಲ್ಲಿಯೆಂಬುದು ಜರ್ಮನರಿಗೆ ತಿಳಿಯಲೇ ಇಲ್ಲ. ಏರುದಾರಿಗಳು ಕೈಸೇರಿದುವು.

ಫಲವನ್ನು ಕಂಡ ಮೇಲೆ ಮಂತ್ರಾಲೋಚನೆಯನ್ನು ತೂಗುವುದು ಬಹು ಸುಲಭ. ಮೋಡವು ಇನ್ನಿಷ್ಟು ದಟ್ಟವಾಗಿದ್ದು ಫಿರಂಗಿಗಳ ಗುರಿ ಇನ್ನಿಷ್ಟು ನೇರವಾಗಿದ್ದ ಪಕ್ಷದಲ್ಲಿ ಇದೇ ಮನುಷ್ಯನನ್ನು ನಾವು ದೀರ್ಘದರ್ಶಿಯೆಂದು ಕೊಂಡಾಡುತ್ತಿದ್ದೆವಲ್ಲವೇ? ತನ್ನ ಅಂದಾಜು ತಪ್ಪಿತೆಂದು ಆತನು ಆಮೇಲೆ ಕಾಗದ ಬರೆದು ಒಪ್ಪಿಕೊಂಡನು. ಅದೇ ವರ್ಷದ ನವೆಂಬರಿನಲ್ಲಿ ಆಲ್ಪ್ಸ್ ಪರ್ವತದಲ್ಲಿ ವಿಮಾನಾಪಘಾತದಿಂದ ಮಡಿದನು. ಆತನ ಮಾತನ್ನು ತಳ್ಳಿಹಾಕಿದ ಐಸೆನ್‌ಹೋವರನೂ ಅದನ್ನು ಹಗುರವಾಗಿ ಎಣಿಸಿರಲಿಲ್ಲ. ಆಕ್ರಮಣವು ವಿಫಲವಾದರೆ ಹೊಣೆಯೆಲ್ಲ ತನ್ನೊಬ್ಬನದೇ ಎಂಬ ಪ್ರಕಟಣೆಯನ್ನು ಪೆನ್ಸಿಲ್ಲಿನಿಂದ ಬರೆದು ಜೇಬಿನಲ್ಲಿರಿಸಿಕೊಂಡಿದ್ದನು. ಅದರ ಕೆಳಗೆ ತಾರೀಖು ಹಾಕುವಾಗ ಜೂನ್ ಎನ್ನುವಲ್ಲಿ ಜುಲೈ ಎಂದು ಬರೆದಿದ್ದನು.