ರಂಧ್ರ ಕಿರಿದಾದರೆ ಸಾಲದು

ಫಿಲ್ಟರಿನ ರಂಧ್ರ ಕಿರಿದಾದಷ್ಟೂ ಹಾಲು ಸುರಕ್ಷಿತ ಎಂಬ ನಿಮ್ಮ ಲೇಖಕರ ವಾದ ಅಪಾಯಕಾರಿ. ಹಾಲಿನ ಕೊಬ್ಬಿನ ಕಣಗಳು ಸರಾಸರಿ 3–4 ಮೈಕ್ರಾನ್. ಬ್ಯಾಕ್ಟೀರಿಯಾಗಳು ಹೆಚ್ಚಾಗಿ 1 ಮೈಕ್ರಾನ್ ಆಸುಪಾಸು. ಅವನ್ನು ಹಿಡಿಯುವ ಫಿಲ್ಟರಿಗೆ ಕೆನೆಹಾಲು ಸುರಿದರೆ ಮೊದಲು ಕಟ್ಟಿಕೊಳ್ಳುವುದು ಕೊಬ್ಬೇ. ಅದಕ್ಕೇ ಡೇರಿಗಳಲ್ಲಿ ಕೆನೆ ತೆಗೆದು, ಸುಮಾರು 50 ಡಿಗ್ರಿ ಸೆಲ್ಸಿಯಸ್‌ನ ಹಾಲನ್ನು 1.4 ಮೈಕ್ರಾನ್ ಸೆರಾಮಿಕ್ ಪೊರೆಯ ಮೈಗುಂಟ ರಭಸವಾಗಿ ಹರಿಸುತ್ತಾರೆ. ಅಂಟಲು ಬರುವ ಪದರವನ್ನು ಆ ಹರಿವೇ ಗುಡಿಸಿಕೊಂಡು ಹೋಗುತ್ತದೆ. ಕಟ್ಟಿಕೊಂಡಾಗ ಒತ್ತಡ ಹೆಚ್ಚಿಸಿ ಎಂದು ಬರೆದಿದ್ದಾರಲ್ಲ, ಒತ್ತಿದಷ್ಟೂ ಆ ಪದರ ಇನ್ನಷ್ಟು ಬಿಗಿಯುತ್ತದೆ! ಕ್ಷಾರ, ಆಮ್ಲಗಳಿಂದ ತೊಳೆಯುವ ಮಾತೇ ಲೇಖನದಲ್ಲಿಲ್ಲ. ತೊಳೆಯದ ಫಿಲ್ಟರಿನಲ್ಲಿ ಸೂಕ್ಷ್ಮಜೀವಿಗಳೇ ಬೀಡುಬಿಡುತ್ತವೆ. ವೈರಸ್‌ಗಳಂತೂ ಈ ಪೊರೆಯನ್ನು ಸಲೀಸಾಗಿ ದಾಟುತ್ತವೆ. 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುವ ಪಾಶ್ಚರೀಕರಣವನ್ನು ಕೈಬಿಡಬಹುದೆಂಬ ಸಲಹೆಯನ್ನು ಅವರು ಹಿಂಪಡೆಯಲೇಬೇಕು.