ಮನೆಮಾತು: ಎಂಜಲೆಲೆಯ ಲೆಕ್ಕ

ಮನೆಯಲ್ಲಿ ನಾಲ್ಕು ಅಗಳು ಚೆಲ್ಲಿದರೆ ಮಕ್ಕಳನ್ನು ಗದರಿಸುವ ಗೃಹಸ್ಥರೇ ಹೊಟೇಲಿನಲ್ಲಿ ಅರ್ಧ ಊಟವನ್ನು ಬಿಟ್ಟು ನಿಶ್ಚಿಂತೆಯಿಂದ ಕೈತೊಳೆಯುವುದುಂಟು. ಹಣವನ್ನು ಕೊಟ್ಟಾಯಿತು, ಇನ್ನು ಆ ಅನ್ನದ ಗತಿಯು ತಮಗೆ ಸಂಬಂಧಿಸಿದುದಲ್ಲವೆಂದು ಅವರ ಭಾವನೆ. ಆದರೆ ಆ ಅನ್ನವು ಎಲ್ಲಿಗೆ ಹೋಗುವುದೆಂಬುದನ್ನು ವಾಚಕರು ಕ್ಷಣಕಾಲ ವಿಚಾರಿಸಬೇಕು.

ಬೆಂಗಳೂರಿನ ಕಸವನ್ನು ಬಹುಕಾಲ ಸುತ್ತಲಿನ ಹಳ್ಳಿಗಳ ಬಳಿ ಸುರಿಯುತ್ತಿದ್ದರು. 2012ರಲ್ಲಿ ಮಾವಳ್ಳಿಪುರದ ಜನರ ವಿರೋಧದಿಂದ ಅಲ್ಲಿ ಸುರಿಯುವುದು ನಿಂತಾಗ ನಗರದ ಬೀದಿಗಳಲ್ಲಿಯೇ ರಾಶಿಗಳೆದ್ದವು. ಹಳ್ಳಿಗರ ಕೋಪವು ನ್ಯಾಯವಾದುದು. ಗಾಳಿಯಾಡದ ರಾಶಿಯಲ್ಲಿ ಅನ್ನವೂ ಸಿಪ್ಪೆಯೂ ಕೊಳೆತರೆ ಮೀಥೇನ್ ಎಂಬ ಉರಿಯುವ ಅನಿಲವು ಹುಟ್ಟುವುದು. ಕಪ್ಪಾದ ರಸವು ನೆಲಕ್ಕಿಳಿದು ಬಾವಿಗಳ ನೀರನ್ನು ಕೆಡಿಸುವುದು. ಅದೇ ಪದಾರ್ಥವನ್ನು ಪ್ರತ್ಯೇಕವಾಗಿಟ್ಟು, ಒಣಗಿದ ಎಲೆಗಳೊಡನೆ ಗಾಳಿಯಾಡುವಂತೆ ಹರಡಿದರೆ ಗೊಬ್ಬರವಾಗುವುದು. ಮುಚ್ಚಿದ ತೊಟ್ಟಿಯಲ್ಲಿ ಕೊಳೆಯಿಸಿದರೆ ಒಲೆಗೆ ಉರುವಲಾಗುವುದು. ಹಸಿ ಕಸ, ಒಣ ಕಸಗಳ ಬೆರಕೆಯೇ ಕೇಡಿಗೆ ಮೂಲ. ಆದುದರಿಂದಲೇ 2016ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮಗಳು, ಹೊಟೇಲಿನವರು ಕಸವನ್ನು ಮೂಲದಲ್ಲಿಯೇ ಬೇರ್ಪಡಿಸಬೇಕೆಂದೂ, ಹಸಿ ಕಸವನ್ನು ಸಾಧ್ಯವಾದ ಮಟ್ಟಿಗೆ ತಮ್ಮ ಆವರಣದಲ್ಲಿಯೇ ಗೊಬ್ಬರವನ್ನಾಗಿಯೋ ಅನಿಲವನ್ನಾಗಿಯೋ ಮಾಡಬೇಕೆಂದೂ ವಿಧಿಸಿದವು.

ಆದರೆ ಬೇರ್ಪಡಿಸುವುದಕ್ಕಿಂತ ಮೊದಲಿನ ಕೆಲಸವು ಕಡಿಮೆ ಮಾಡುವುದು. ಅದಕ್ಕೆ ತಕ್ಕಡಿಯೇ ಸಾಧನ. ಮೂರು ಡಬ್ಬಿಗಳನ್ನಿಟ್ಟು ಪ್ರತಿದಿನವೂ ತೂಗಿದರೆ ದೋಷವೆಲ್ಲಿದೆಯೆಂಬುದು ತಾನೇ ತಿಳಿಯುವುದು. ಹೆಚ್ಚುವಾಗ ಬಿದ್ದ ತರಕಾರಿಯು ಅಧಿಕವಾದರೆ ಅಡಿಗೆಯವರ ಕೈಯನ್ನು ತಿದ್ದಬೇಕು. ಮಾಡಿದುದು ಮಿಕ್ಕರೆ ಅಂದಾಜನ್ನು ತಿದ್ದಬೇಕು. ಎಲೆಯಲ್ಲಿ ಉಳಿದರೆ ಬಡಿಸುವ ಅಳತೆಯನ್ನು ತಿದ್ದಬೇಕು. ವಸತಿಗೃಹಗಳಲ್ಲಿ ಒಂದೇ ದಿನ ಬಳಸಿ ಎಸೆಯುವ ಸಣ್ಣ ಸೀಸೆಗಳ ಬದಲು ಮರಳಿ ತುಂಬಬಹುದಾದ ಪಾತ್ರೆಗಳನ್ನಿಡಬಹುದು; ಕುಡಿಯುವ ನೀರಿಗೆ ಹೂಜಿಯು ಸಾಕು.

ಇಷ್ಟನ್ನು ಓದಿ ಹೊಟೇಲಿನವರನ್ನು ಮಾತ್ರ ದೂರುವುದು ಸಲ್ಲದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರ ಅಂದಾಜಿನಂತೆ 2022ರಲ್ಲಿ ಜಗತ್ತಿನ ಮನೆ, ಹೊಟೇಲು, ಅಂಗಡಿಗಳಲ್ಲಿ ಸುಮಾರು 105 ಕೋಟಿ ಟನ್ ಆಹಾರವು ವ್ಯರ್ಥವಾಯಿತು. ಅದರಲ್ಲಿ ಹೊಟೇಲು ಮುಂತಾದವುಗಳ ಪಾಲು ನೂರಕ್ಕೆ 28, ಮನೆಗಳದು 60! ಮದುವೆಯ ಛತ್ರದಲ್ಲಿ ಇಪ್ಪತ್ತು ಭಕ್ಷ್ಯಗಳನ್ನು ಮಾಡಿಸುವವರೂ ನಾವೇ, ಬೇಡವೆಂದರೂ ಬಡಿಸಿರೆಂದು ಉಪಚರಿಸುವವರೂ ನಾವೇ. ಅತಿಥಿಯ ಹಸಿವನ್ನರಿತು ಬಡಿಸುವುದೇ ಸತ್ಕಾರ. ಮುಂದಿನ ಶುಭಕಾರ್ಯದ ಅಡಿಗೆಯ ಪಟ್ಟಿಯನ್ನು ಬರೆಯುವಾಗ ಗೃಹಿಣಿಯರು ಎರಡು ಭಕ್ಷ್ಯಗಳನ್ನು ಹೊಡೆದುಹಾಕಲಿ. ಬಂದವರಿಗೆ ಅದರಿಂದ ಕೊರತೆಯೇನೂ ಕಾಣದು.