ಬಾಡಿಗೆ ಬಿಸಿನೆಸ್ ಥರ, ಸ್ನೋ ಮಾತ್ರ ಮನೆ ಥರ!

1/7

ಮೊದಲ ಫೋಟೋ ನಮ್ಮ ರಸ್ತೆ ತುದಿಯ ಪ್ಲಾಜಾದ ಪಾರ್ಕಿಂಗ್ ಲಾಟ್. ಬೆಳಗ್ಗೆ 6 ಗಂಟೆ. ಡಾಂಬರು ಕಪ್ಪಗೆ ಕಾಣ್ತಿದೆ, ಅಲ್ಲಲ್ಲಿ ಉಪ್ಪಿನ ಹರಳು. ಈಗ ಸ್ವೈಪ್ ಮಾಡಿ. ಎರಡನೇ ಫೋಟೋ ಅಲ್ಲಿಂದ ಮುನ್ನೂರು ಹೆಜ್ಜೆ ದೂರದ ಒಂದು ಮನೆಯ ಪಕ್ಕದ ಓಣಿ, ಬೇಸ್‌ಮೆಂಟ್‌ನಲ್ಲಿರೋ ಸ್ಟೂಡೆಂಟ್‌ಗಳು ಓಡಾಡೋ ದಾರಿ. ಗಾಜಿನ ಥರ ಹೊಳೀತಿದೆ. ಚೆನ್ನಾಗಿದೆ ಅಂತ ಹಾರ್ಟ್ ಒತ್ತಬೇಡಿ, ಅದು ಐಸ್.

ಒಂದೇ ರಾತ್ರಿ, ಒಂದೇ ರಸ್ತೆ, ಒಂದೇ ಸ್ನೋ. ಒಂದು ಕಡೆ ಚಪ್ಪಲಿ ಹಾಕ್ಕೊಂಡು ನಡೀಬಹುದು, ಇನ್ನೊಂದು ಕಡೆ ಗೋಡೆ ಹಿಡ್ಕೊಂಡು ನಡೀಬೇಕು. ಯಾಕೆ? ಎರಡೂ ಜಾಗದ ಸ್ನೋ ತೆಗೆಸೋ ಕಾಂಟ್ರಾಕ್ಟ್ ಬೇರೆ ಬೇರೆ.

ನಾನು ಬರೀತಿರೋದು ಕೆನಡಾದ ಒಂಟಾರಿಯೊ ಬಗ್ಗೆ. ಬ್ರ್ಯಾಂಪ್ಟನ್, ಕಿಚನರ್, ವಾಟರ್‌ಲೂ, ವಿಂಡ್ಸರ್ ಕಡೆ ಓದೋಕೆ ಬಂದಿರೋ, ಬರೋಕೆ ಹೊರಟಿರೋ ನಮ್ಮ ಹುಡುಗ ಹುಡುಗಿಯರಿಗೆ ಈ ಸರಣಿ. ಹೇಳೋದು ಒಂದೇ ಮಾತು: ರೂಮ್ ಲೆಕ್ಕದಲ್ಲಿ ಬಾಡಿಗೆ ವಸೂಲಿ ಮಾಡೋ ಮನೆ ಒಂದು ವ್ಯಾಪಾರ. ಬಾಡಿಗೆ ವ್ಯಾಪಾರದ ಥರ ತಗೊಂಡ್ರೆ, ಸ್ನೋ ಕೂಡ ವ್ಯಾಪಾರದ ಥರಾನೇ ತೆಗೆಸ್ಬೇಕು. ಬಾಡಿಗೆ ಎಣಿಸುವಾಗ ಬಿಸಿನೆಸ್, ಖರ್ಚು ಮಾಡುವಾಗ "ಇದು ನಮ್ಮ ಮನೆ ಕಣಪ್ಪಾ" ಅನ್ನೋ ಓನರ್‌ಗಳ ಆಟ ಇನ್ನು ಸಾಕು.

2/7

ಮೊದಲು ಮನೆ ಕಾಂಟ್ರಾಕ್ಟ್ ಹೇಗಿರುತ್ತೆ ನೋಡೋಣ.

ಚಳಿಗಾಲಕ್ಕೆ ಮುಂಚೆ ಬಾಗಿಲಿಗೆ ಒಂದು ಪಾಂಪ್ಲೆಟ್ ಸಿಕ್ಕಿಸಿ ಹೋಗ್ತಾರೆ. ಇಡೀ ಸೀಸನ್‌ಗೆ ಇಷ್ಟು ಡಾಲರ್, ಮೇಲೆ 13% ಎಚ್‌ಎಸ್‌ಟಿ, ದುಡ್ಡು ಸಾಮಾನ್ಯವಾಗಿ ಮುಂಗಡ. ಒಂದೇ ಪುಟದ ಕಾಗದ. ಅದರಲ್ಲಿ ಬರೆದಿರೋದು ಹೆಚ್ಚೂ ಕಡಿಮೆ ಹೀಗೆ: 5 ಸೆಂಟಿಮೀಟರ್ ಸ್ನೋ ಬಿದ್ರೆ ಬರ್ತೀವಿ. ಸ್ನೋ ನಿಂತ ಮೇಲೆ ಇಷ್ಟು ಗಂಟೆಯೊಳಗೆ ಡ್ರೈವ್‌ವೇ ತೆಗೀತೀವಿ. ಕಾರು ನಿಂತಿದ್ರೆ ಅದರ ಸುತ್ತ ಮುಟ್ಟಲ್ಲ. ಮೆಟ್ಟಿಲು, ಪಕ್ಕದ ದಾರಿಗೆ ಬೇರೆ ದುಡ್ಡು. ಉಪ್ಪಿಗೆ ಬೇರೆ ದುಡ್ಡು. ಸಿಟಿಯ ಪ್ಲೋ ಗಾಡಿ ಡ್ರೈವ್‌ವೇ ಬಾಯಿಗೆ ತಂದು ಒಟ್ಟೋ ಸ್ನೋ ದಿಣ್ಣೆಯನ್ನ ಕೆಲವರು ತೆಗೀತಾರೆ, ಕೆಲವರು ತೆಗೆಯಲ್ಲ.

ಆ 5 ಸೆಂಟಿಮೀಟರ್ ಅನ್ನೋ ಮಾತನ್ನ ಇನ್ನೊಂದ್ಸಲ ಓದಿ. ಜನ ಬಿದ್ದು ಕೈ ಮುರ್ಕೊಳ್ಳೋದು ಹೆಚ್ಚಾಗಿ ಮೆತ್ತನೆ ಸ್ನೋ ಮೇಲಲ್ಲ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ನೀರಿನ ಮೇಲೆ, ಸೂರಿನ ಪೈಪಿಂದ ಸುರಿದು ದಾರಿಗೆ ಅಡ್ಡ ಹರಿದ ಐಸ್ ಮೇಲೆ, ನೆಲ ಮುಟ್ಟಿದ ಕೂಡಲೇ ಗಟ್ಟಿಯಾಗೋ ಮಳೆ ಮೇಲೆ. ಇದ್ಯಾವುದೂ 5 ಸೆಂಟಿಮೀಟರ್ ಆಗಲ್ಲ. ಅಂದ್ರೆ ಅತಿ ಅಪಾಯದ ದಿನ ಈ ಕಾಂಟ್ರಾಕ್ಟ್ ಪ್ರಕಾರ ಯಾರೂ ಬರಬೇಕಾಗಿಲ್ಲ!

ಇದು ಮೋಸ ಅಂತ ನಾನು ಹೇಳಲ್ಲ. ಗಂಡ, ಹೆಂಡತಿ, ಮಕ್ಕಳು ಇರೋ ಮನೆಗೆ ಇಷ್ಟು ಸಾಕು. ಮೆಟ್ಟಿಲಿಗೆ ಅವರೇ ಒಂದು ಹಿಡಿ ಉಪ್ಪು ಎರಚ್ಕೋತಾರೆ. ಅವರಿಗೆ ಗ್ರಾಹಕರ ಕಾನೂನಿನ ಬೆಂಬಲವೂ ಇದೆ: ಮನೆ ಬಾಗಿಲಲ್ಲಿ ಸಹಿ ಹಾಕಿಸ್ಕೊಂಡ 50 ಡಾಲರ್ ಮೀರಿದ ಕಾಂಟ್ರಾಕ್ಟನ್ನ ಕಾರಣ ಹೇಳದೆ 10 ದಿನದೊಳಗೆ ರದ್ದು ಮಾಡ್ಬಹುದು. ಸ್ವಂತ ಮನೆಬಳಕೆಗೆ ತಗೊಂಡಿದ್ರೆ ಮಾತ್ರ ಈ ರಕ್ಷಣೆ. ವ್ಯಾಪಾರಕ್ಕೆ ತಗೊಂಡ್ರೆ ಇಲ್ಲ. ಮನೆ ಯಾವುದು, ವ್ಯಾಪಾರ ಯಾವುದು ಅನ್ನೋ ಪ್ರಶ್ನೆ ಕಾನೂನಿನಲ್ಲೇ ಇದೆ.

3/7

ಇನ್ನು ಪ್ಲಾಜಾ, ಆಫೀಸು, ಅಂಗಡಿಗಳ ಕಾಂಟ್ರಾಕ್ಟ್. ಇದು ಪುಟಗಟ್ಟಲೆ ಇರುತ್ತೆ, ಜೊತೆಗೆ ಜಾಗದ ನಕ್ಷೆ: ಸ್ನೋ ಎಲ್ಲಿ ಗುಡ್ಡೆ ಹಾಕ್ಬೇಕು, ಯಾವ ಬಾಗಿಲು ಮೊದಲು, ಅಂಗವಿಕಲರ ಪಾರ್ಕಿಂಗ್ ಎಲ್ಲಿದೆ, ಅಗ್ನಿಶಾಮಕ ಗಾಡಿ ಬರೋ ದಾರಿ ಯಾವುದು.

ದುಡ್ಡಿನ ಲೆಕ್ಕಾನೂ ಹಲವು ಥರ. ಸೀಸನ್‌ಗೆ ಒಟ್ಟು, ಅಥವಾ ಬಂದ ಸಲಕ್ಕೆ ಇಷ್ಟು, ಅಥವಾ ಗಂಟೆ ಮತ್ತು ಉಪ್ಪಿನ ತೂಕದ ಮೇಲೆ. ಎಷ್ಟು ಬಿದ್ರೆ ಬರಬೇಕು ಅನ್ನೋ ಅಳತೆ ಮನೆಗಿಂತ ಕಡಿಮೆ ಇರುತ್ತೆ, ಕೆಲವು ಕಡೆ "ನೆಲ ಕಾಣ್ತಾನೇ ಇರ್ಬೇಕು" ಅಂತಾನೇ ಬರೆದಿರ್ತಾರೆ. ಐಸ್‌ಗೆ ಬೇರೆ ಷರತ್ತು: ಸ್ನೋ ಬೀಳದಿದ್ರೂ ಬಂದು ನೋಡಿ ಉಪ್ಪು ಹಾಕ್ಬೇಕು.

ಮುಖ್ಯವಾದ್ದು ದಾಖಲೆ. ರಾತ್ರಿ 2:40ಕ್ಕೆ ಬಂದೆ, ತಾಪಮಾನ ಮೈನಸ್ 6, ಇಷ್ಟು ಚೀಲ ಉಪ್ಪು ಹಾಕಿದೆ ಅಂತ ಬರೆದು, ಫೋಟೋ ತೆಗೆದು, ಜಿಪಿಎಸ್ ಸಮೇತ ಕಳಿಸ್ಬೇಕು. ನಾಳೆ ಯಾರಾದ್ರೂ ಜಾರಿ ಬಿದ್ದು ಕೇಸ್ ಹಾಕಿದ್ರೆ ಕೋರ್ಟಲ್ಲಿ ತೋರ್ಸೋದು ಇದನ್ನೇ. ಇನ್ಶೂರೆನ್ಸ್ ಪತ್ರ ಇಲ್ಲದೆ ಕೆಲಸ ಸಿಗಲ್ಲ.

ಇದು ತುಂಬಾ ಒಳ್ಳೆ ಕಾಗದ ಅಂದ್ಕೋಬೇಡಿ, ಇಲ್ಲೂ ದೊಡ್ಡವರು ಚಿಕ್ಕವರ ತಲೆಗೆ ಕಟ್ಟೋದಿದೆ. "ಇವತ್ತು ಉಪ್ಪು ಬೇಡ, ಖರ್ಚು ಜಾಸ್ತಿ" ಅಂತ ಮ್ಯಾನೇಜರ್ ಹೇಳ್ತಾನೆ, ಯಾರೋ ಬಿದ್ರೆ ಪರಿಹಾರ ಕಾಂಟ್ರಾಕ್ಟರೇ ಕೊಡ್ಬೇಕು ಅಂತ ಕಾಗದದಲ್ಲಿರುತ್ತೆ. ಅಮೆರಿಕದ ಇಲಿನಾಯ್ 2016ರಲ್ಲಿ, ಕೊಲರಾಡೋ 2018ರಲ್ಲಿ ಇಂಥ ಷರತ್ತುಗಳಿಗೆ ಕಡಿವಾಣ ಹಾಕೋ ಕಾನೂನನ್ನೇ ತರಬೇಕಾಯ್ತು. ಆದ್ರೂ ಒಂದು ಮಾತು ನಿಜ: ಪ್ಲಾಜಾದಲ್ಲಿ ನಡೆಯೋ ಮನುಷ್ಯನ ಕಾಲಿಗೆ ಯಾರು ಹೊಣೆ ಅಂತ ಯಾರೋ ಒಬ್ಬರು ಕೂತು ಯೋಚನೆ ಮಾಡಿ ಬರೆದಿರ್ತಾರೆ.

4/7

ಈಗ ಎರಡನೇ ಫೋಟೋದ ಮನೆಗೆ ಬನ್ನಿ.

ಆರು ರೂಮ್, ತಲಾ 700 ಡಾಲರ್ ಅಂತ ಲೆಕ್ಕ ಹಿಡೀರಿ. ತಿಂಗಳಿಗೆ 4,200. ಓನರ್ ಅಲ್ಲಿ ಇರಲ್ಲ, ಬೇರೆ ಊರಲ್ಲಿರ್ತಾರೆ. ಬಾಡಿಗೆ ಒಂದು ದಿನ ತಡ ಆದ್ರೆ ಮೆಸೇಜ್ ಬರುತ್ತೆ. ಹೊಸಬರು ಬರೋವಾಗ ಮೊದಲ ತಿಂಗಳದ್ದೂ ಕೊನೆ ತಿಂಗಳದ್ದೂ ಮುಂಗಡ ಕೊಡ್ಬೇಕು. ಇದೆಲ್ಲ ವ್ಯಾಪಾರ ಅಲ್ದೆ ಮತ್ತೇನು ಗುರು?

ಆದ್ರೆ ಸ್ನೋ ವಿಷಯಕ್ಕೆ ಬಂದ್ರೆ ಈ ಮನೆಗಿರೋದು ಆ ಒಂದು ಪುಟದ ಮನೆ ಕಾಂಟ್ರಾಕ್ಟ್. ಎಷ್ಟೋ ಕಡೆ ಅದೂ ಇಲ್ಲ. ಇದ್ರೂ ತೆಗೆಯೋದು ಡ್ರೈವ್‌ವೇ ಮಾತ್ರ. ಆರು ಜನರಲ್ಲಿ ಐದು ಜನಕ್ಕೆ ಕಾರೇ ಇಲ್ಲ! ಅವರು ಓಡಾಡೋದು ಪಕ್ಕದ ಓಣಿಯಲ್ಲಿ, ಬೇಸ್‌ಮೆಂಟ್ ಮೆಟ್ಟಿಲಲ್ಲಿ. ಬಿಸಿಲು ಬೀಳದ ಜಾಗ, ಸೂರಿನ ನೀರು ಸುರಿಯೋ ಜಾಗ. ಕಾರಿಗೆ ದಾರಿ ಇದೆ, ಮನುಷ್ಯರಿಗೆ ಇಲ್ಲ.

ಬಸ್ ಹಿಡಿಯೋಕೆ ಬೆಳಗ್ಗೆ 5 ಗಂಟೆಗೆ ಹೊರಡೋರು ಯಾರು? ರಾತ್ರಿ ಶಿಫ್ಟ್ ಮುಗಿಸಿ 2 ಗಂಟೆಗೆ ಬರೋರು ಯಾರು? ನಾವೇ. "ಸ್ನೋ ನಿಂತ ಎಂಟು ಗಂಟೆಯೊಳಗೆ" ಅನ್ನೋ ಷರತ್ತು ಮನೇಲಿ ಕೂತು ಕಾಯೋರಿಗೆ ಸರಿ ಹೋಗುತ್ತೆ, ನಮಗಲ್ಲ. ಬಿದ್ದು ಕಾಲು ಮುರಿದ್ರೆ ಶಿಫ್ಟ್ ಹೋಯ್ತು, ಲ್ಯಾಬ್ ಹೋಯ್ತು, ಫಿಸಿಯೋಥೆರಪಿಗೆ ಸ್ಟೂಡೆಂಟ್ ಇನ್ಶೂರೆನ್ಸ್ ಎಷ್ಟು ಕೊಡುತ್ತೋ ಅಂತ ಫೈನ್ ಪ್ರಿಂಟ್ ಓದ್ತಾ ಕೂರ್ಬೇಕು.

ಪ್ಲಾಜಾದವನು ಹೊಣೆ ಹೊರ್ತಾನೆ, ಅದಕ್ಕೆ ಖರ್ಚೂ ಮಾಡ್ತಾನೆ. ಕುಟುಂಬದವರು ಖರ್ಚು ಕಮ್ಮಿ ಮಾಡ್ತಾರೆ, ಅಪಾಯಾನ ತಾವೇ ಹೊರ್ತಾರೆ. ಈ ಓನರ್ ಮಾತ್ರ ಖರ್ಚೂ ಮಾಡಲ್ಲ, ಅಪಾಯಾನೂ ಹೊರಲ್ಲ. ಉಂಡೂ ಹೋದ, ಕೊಂಡೂ ಹೋದ ಅಂದ್ರೆ ಇದೇ.

5/7

"ಆದ್ರೆ ಸ್ನೋ ನೀವೇ ತೆಗೀಬೇಕು ಅಂತ ಲೀಸಲ್ಲಿದೆಯಲ್ಲ, ಸಹಿ ಹಾಕಿದ್ದೀನಲ್ಲ" ಅಂತೀರಾ? ಇದನ್ನ ಸ್ವಲ್ಪ ನಿಧಾನ ಓದಿ.

ಒಂಟಾರಿಯೊದ ಬಾಡಿಗೆ ನಿಯಮಗಳ ಪ್ರಕಾರ ಎಲ್ಲರೂ ಬಳಸೋ ಹೊರಗಿನ ಜಾಗದಲ್ಲಿ ಅಪಾಯದ ಸ್ನೋ, ಐಸ್ ಇಲ್ಲದ ಹಾಗೆ ನೋಡ್ಕೊಳ್ಳೋದು ಓನರ್ ಕರ್ತವ್ಯ. 2009ರಲ್ಲಿ ಒಂಟಾರಿಯೊದ ಕೋರ್ಟ್ ಆಫ್ ಅಪೀಲ್ ಮುಂದೆ ಇಂಥದ್ದೇ ಕೇಸ್ ಬಂತು. ಬೇಸ್‌ಮೆಂಟ್ ಬಾಡಿಗೆದಾರರೊಬ್ಬರು ದಾರಿಯ ಐಸ್ ಮೇಲೆ ಜಾರಿ ಬಿದ್ದಿದ್ರು. ದಾರಿ, ಮೆಟ್ಟಿಲು ಸ್ವಚ್ಛ ಇಡೋದು, ಸ್ನೋ ತೆಗೆಯೋದು ಬಾಡಿಗೆದಾರರ ಕೆಲಸ ಅಂತ ಲೀಸಲ್ಲಿತ್ತು. ಲೀಸಲ್ಲಿ ಒಂದು ಸಾಲು ಸೇರಿಸಿ ಓನರ್ ತನ್ನ ಕರ್ತವ್ಯ ಕಳಚಿಕೊಳ್ಳೋ ಹಾಗಿಲ್ಲ, ಆ ಸಾಲಿಗೆ ಬೆಲೆ ಇಲ್ಲ ಅಂತ ಕೋರ್ಟ್ ಹೇಳ್ತು. ಬಾಡಿಗೆದಾರನ ಕೈಲಿ ಈ ಕೆಲಸ ಮಾಡಿಸ್ಬೇಕಾ? ಲೀಸಿಂದ ಬೇರೆಯಾಗಿ, ತನ್ನ ಕಾಲ ಮೇಲೆ ತಾನು ನಿಲ್ಲೋ ಒಂದು ಕೆಲಸದ ಒಪ್ಪಂದ ಇರ್ಬೇಕು.

ಅಂದ್ರೆ ಓನರ್ ನಿಮ್ಮ ಕೈಗೆ ಶೊವೆಲ್ ಕೊಟ್ರೆ ನೀವು ಅವರ ಸ್ನೋ ಕಾಂಟ್ರಾಕ್ಟರ್ ಆದ್ರಿ. ಕಾಂಟ್ರಾಕ್ಟರ್‌ಗೆ ದುಡ್ಡು ಕೊಡ್ಬೇಕು!

2018ರ ಏಪ್ರಿಲ್ 30ರಿಂದ ಇಲ್ಲಿ ಹೆಚ್ಚಿನ ಬಾಡಿಗೆಗಳಿಗೆ ಸರ್ಕಾರದ್ದೇ ನಮೂನೆ ಲೀಸ್ ಕಡ್ಡಾಯ. ಕೊನೆಯಲ್ಲಿ ಸೇರಿಸೋ ಹೆಚ್ಚಿನ ಷರತ್ತುಗಳು ಕಾನೂನಿಗೆ ವಿರುದ್ಧ ಇದ್ರೆ ನಡೆಯಲ್ಲ.

ಒಂದು ಎಚ್ಚರಿಕೆ: ಓನರ್ ಅಥವಾ ಅವರ ಹತ್ತಿರದ ಕುಟುಂಬದವರು ಅದೇ ಮನೇಲಿದ್ದು, ನೀವು ಅವರ ಜೊತೆ ಅಡುಗೆಮನೆ ಅಥವಾ ಬಾತ್‌ರೂಮ್ ಹಂಚ್ಕೊಳ್ಳೋದು ಕಡ್ಡಾಯವಾಗಿದ್ರೆ ಈ ಬಾಡಿಗೆ ಕಾನೂನು ನಿಮಗೆ ಅನ್ವಯ ಆಗಲ್ಲ. ಸಹಿ ಹಾಕೋ ಮುಂಚೆ ಅದನ್ನ ಕೇಳಿ ತಿಳ್ಕೊಳ್ಳಿ.

6/7

ಕಾಮೆಂಟ್‌ನಲ್ಲಿ ಏನು ಬರುತ್ತೆ ಗೊತ್ತು. ಒಂದೊಂದಾಗಿ ಉತ್ತರ ಕೊಡ್ತೀನಿ.

"ಹಾಗೆ ಮಾಡಿದ್ರೆ ಬಾಡಿಗೆ ಜಾಸ್ತಿ ಮಾಡ್ತಾರೆ." ನಾನು ಕೇಳ್ತಿರೋದು ಪ್ಲಾಜಾದ ಲೋಡರ್ ಗಾಡಿ ಅಲ್ಲ. ಮೂಗಿಗಿಂತ ಮೂಗುತಿ ಭಾರ ಆಗೋದು ಯಾರಿಗೂ ಬೇಡ. ಅದೇ ಕಾಂಟ್ರಾಕ್ಟ್‌ನಲ್ಲಿ ಪಕ್ಕದ ದಾರಿ, ಮೆಟ್ಟಿಲು, ಐಸ್ ಇದ್ದ ದಿನ ಉಪ್ಪು, ಬಂದು ಹೋದ ಫೋಟೋ ಇಷ್ಟು ಸೇರಿಸಿ ಸಾಕು. ಆ ಹೆಚ್ಚಿನ ಖರ್ಚನ್ನ ಆರು ರೂಮಿನ ಬಾಡಿಗೆ ತಡಕೊಳ್ಳುತ್ತೆ. ಇನ್ನು ಕೂತಿರೋ ಬಾಡಿಗೆದಾರನ ಬಾಡಿಗೆಯನ್ನ ಮನಸ್ಸಿಗೆ ಬಂದಾಗ ಏರಿಸೋಕೆ ಆಗಲ್ಲ, 12 ತಿಂಗಳಿಗೆ ಒಂದೇ ಸಲ, ಅದೂ 90 ದಿನ ಮುಂಚೆ ಬರೆದು ತಿಳಿಸಿ.

"ಓನರ್ ನಮ್ಮ ಕಡೆಯವರೇ, ಅಂಕಲ್, ಹಬ್ಬಕ್ಕೆ ಊಟಕ್ಕೆ ಕರೀತಾರೆ." ಸಂತೋಷ. ಹೋಳಿಗೆ ತಿಂದು ಬನ್ನಿ, ದಾರಿಗೆ ಉಪ್ಪು ಹಾಕ್ಸಿ ಅಂತಾನೂ ಹೇಳಿ ಬನ್ನಿ. ನಮ್ಮವರು ಅನ್ನೋ ಮಾತು ಬಾಡಿಗೆ ಕಮ್ಮಿ ಮಾಡೋಕೆ ಬರಲ್ಲ, "ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋವಾಗ ಮಾತ್ರ ಬರುತ್ತೆ. ಯಾಕೆ?

"ಉಪ್ಪು ಪರಿಸರಕ್ಕೆ ಕೆಟ್ಟದ್ದು." ಹೌದು, ಇದು ಸರಿಯಾದ ಮಾತು. ಕೇಸ್ ಭಯಕ್ಕೆ ಪ್ಲಾಜಾಗಳಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಸುರೀತಾರೆ, ಅದೆಲ್ಲ ಕರಗಿ ಹೊಳೆ, ಕೆರೆ, ಅಂತರ್ಜಲ ಸೇರುತ್ತೆ. ಅಂತರ್ಜಲ ಕುಡಿಯೋ ವಾಟರ್‌ಲೂ ಭಾಗದಲ್ಲೇ ಉಪ್ಪು ಕಮ್ಮಿ ಬಳಸೋ ತರಬೇತಿ, "ಸ್ಮಾರ್ಟ್ ಅಬೌಟ್ ಸಾಲ್ಟ್", ಹುಟ್ಟಿದ್ದು. ಮೈನಸ್ 10ರ ಕೆಳಗೆ ಹೋದ್ರೆ ಮಾಮೂಲಿ ಉಪ್ಪು ಅಷ್ಟಾಗಿ ಕೆಲಸಾನೂ ಮಾಡಲ್ಲ, ಮರಳು ಹಾಕ್ಬೇಕು. ಮೊದಲು ಕೆರೆದು ತೆಗೆದು ಆಮೇಲೆ ಬೇಕಾದಷ್ಟೇ ಉಪ್ಪು, ಸೂರಿನ ಪೈಪನ್ನ ದಾರಿಯಿಂದ ಆಚೆ ತಿರುಗಿಸೋದು: ಇಷ್ಟು ಮಾಡಿದ್ರೆ ಉಪ್ಪೂ ಉಳಿಯುತ್ತೆ. ಒಂದು ಹರಳೂ ಹಾಕದ ಓನರ್ ಮಾತ್ರ ಪರಿಸರದ ಮಾತಾಡೋದು ಬೇಡ.

7/7

ಲೀಸಿಗೆ ಸಹಿ ಬೀಳೋದು ಜುಲೈ, ಆಗಸ್ಟ್‌ನಲ್ಲಿ, ಎಷ್ಟೋ ಸಲ ಬೆಂಗಳೂರು, ಮೈಸೂರಲ್ಲಿ ಕೂತು ವಾಟ್ಸಾಪ್ ವಿಡಿಯೋ ನೋಡಿ. ವಿಡಿಯೋದಲ್ಲಿ ಹಸಿರು ಹುಲ್ಲು ಕಾಣುತ್ತೆ, ಸ್ನೋ ಬಗ್ಗೆ ಯಾರೂ ಕೇಳಲ್ಲ. ಈ ಸಲ ಸೆಪ್ಟೆಂಬರ್‌ಗೆ ಬರೋರು ಕೇಳಿ, ಉತ್ತರ ಬರವಣಿಗೆಯಲ್ಲಿ ತಗೊಳ್ಳಿ:

▪ ಸ್ನೋ ಯಾರು ತೆಗೀತಾರೆ? ಕಂಪನಿನಾ, ನೀವಾ?
▪ ನನ್ನ ಬಾಗಿಲ ತನಕದ ದಾರಿ, ಮೆಟ್ಟಿಲು ಕಾಂಟ್ರಾಕ್ಟ್‌ನಲ್ಲಿ ಇದೆಯಾ?
▪ ಎಷ್ಟು ಸೆಂಟಿಮೀಟರ್‌ಗೆ ಬರ್ತಾರೆ? ಬರೀ ಐಸ್ ಇದ್ರೆ?
▪ ಎಷ್ಟು ಗಂಟೆಯೊಳಗೆ?
▪ ಉಪ್ಪು, ಮರಳು ಯಾರು ತರ್ತಾರೆ?

ಈಗಾಗ್ಲೇ ಇಲ್ಲಿ ಇರೋರು: ಐಸ್ ಕಂಡ ದಿನ ಫೋಟೋ ತೆಗೆದು ಓನರ್‌ಗೆ ಮೆಸೇಜ್ ಹಾಕಿ. ಪ್ಲಾಜಾದವರು ದಾಖಲೆ ಇಡ್ತಾರಲ್ಲ, ನೀವೂ ಇಡಿ. ಸರಿ ಹೋಗದಿದ್ರೆ ಸಿಟಿಗೆ ದೂರು, ಲ್ಯಾಂಡ್‌ಲಾರ್ಡ್ ಅಂಡ್ ಟೆನಂಟ್ ಬೋರ್ಡ್‌ಗೆ ಟಿ6 ಅರ್ಜಿ. ಸರ್ಕಾರಿ ಕಚೇರಿಗೆ ದೂರು ಕೊಟ್ಟಿದ್ದಕ್ಕೇ ಮನೆ ಬಿಡಿಸೋಕೆ ಬಂದ್ರೆ ಬೋರ್ಡ್ ಅದನ್ನ ಒಪ್ಪೋ ಹಾಗಿಲ್ಲ.

ಬಿದ್ದು ಪೆಟ್ಟಾದ್ರೆ ಇದನ್ನ ಮರೀಬೇಡಿ: 2021ರ ಜನವರಿ 29ರಿಂದ ಒಂಟಾರಿಯೊದಲ್ಲಿ ಖಾಸಗಿ ಜಾಗದ ಸ್ನೋ, ಐಸ್ ಮೇಲೆ ಬಿದ್ದವರು 60 ದಿನದೊಳಗೆ ಲಿಖಿತ ನೋಟಿಸ್ ಕೊಡ್ಬೇಕು. ದಿನಾಂಕ, ಸಮಯ, ಜಾಗ ಬರೆದು, ಖುದ್ದಾಗಿ ಇಲ್ಲವೇ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ. ಕೆಲವು ವಿನಾಯಿತಿ ಬಿಟ್ರೆ, ನೋಟಿಸ್ ಇಲ್ಲದೆ ಕೇಸ್ ಹಾಕೋಕೆ ಆಗಲ್ಲ. ಸಿಟಿಯ ಸೈಡ್‌ವಾಕ್ ಆದ್ರೆ ಬರೀ 10 ದಿನ. ಉಚಿತ ಸಲಹೆಗೆ ಕಮ್ಯುನಿಟಿ ಲೀಗಲ್ ಕ್ಲಿನಿಕ್‌ಗಳಿವೆ.

ಓನರ್‌ಗಳಿಗೆ ಕೊನೇ ಮಾತು. ಮನೆ ಮನೆಯಾಗೇ ಇರಲಿ ಅಂದ್ರೆ ಅದರಲ್ಲಿ ನೀವೇ ಇರಿ. ರೂಮ್ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ರೆ, ಆ ಬಾಡಿಗೆಯಲ್ಲಿ ಬಾಗಿಲ ತನಕ ಬಂದು ಹೋಗೋ ದಾರಿಯೂ ಸೇರಿದೆ. ಬೇಸಿಗೆಯಲ್ಲಿ ಮಾತ್ರ ಅಲ್ಲ, ಜನವರಿಯಲ್ಲೂ.

ಸೇವ್ ಮಾಡ್ಕೊಳ್ಳಿ. ಬರೋಕೆ ಹೊರಟಿರೋ ಒಬ್ಬ ಫ್ರೆಂಡ್‌ಗಾದ್ರೂ ಕಳಿಸಿ. ನಿಮ್ಮ ಲೀಸಲ್ಲಿ ಸ್ನೋ ಬಗ್ಗೆ ಏನು ಬರೆದಿದೆ? ಕಾಮೆಂಟಲ್ಲಿ ಹಾಕಿ, ವಿಳಾಸ ಮಾತ್ರ ಹಾಕ್ಬೇಡಿ.

#ಸ್ನೋ_ಕಾಂಟ್ರಾಕ್ಟ್ #ಒಂಟಾರಿಯೊ_ಕನ್ನಡಿಗರು #ಬಾಡಿಗೆ_ಮನೆ #ಸೆಪ್ಟೆಂಬರ್_ಇನ್‌ಟೇಕ್